ಕೈಯಲ್ಲಿ ತೂಗಿ ಕೊಟ್ಟ ಪುಸ್ತಕ

ಭವಿಷ್ಯ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಗಿಳಿ ಶಾಸ್ತ್ರ, ಕವಡೆ, ಕಂಪ್ಯೂಟರ್ ಜಾತಕ, ಎಲ್ಲಾ ಬರೀ ಬುರುಡೆ ಎನ್ನುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಆ ಶನಿವಾರ ಸಂಜೆಯನ್ನು ಇವತ್ತಿಗೂ ಮರೆಯಲಾಗಿಲ್ಲ. ನೀವು ಏನಾದರೂ ಅಂದುಕೊಳ್ಳಿ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ಹಳ್ಳಿಯೊಂದರಲ್ಲಿ ನಾನೂ ಬಾಗಲಕೋಟೆ ಕಡೆಯ ಸುವರ್ಣಾಳೂ ಒಂದೇ ರೂಮಿನಲ್ಲಿದ್ದೆವು. ನನಗೆ ಒಂದು ಕಂಪನಿಯಲ್ಲಿ ಕೆಲಸ. ಮದುವೆ ನಿಶ್ಚಯವಾಗಿ ಪತ್ರಿಕೆ ಅಚ್ಚಿಗೆ ಹೋಗಿತ್ತು. ಅವಳದ್ದು ಉಲ್ಟಾ. ಹೊಡೆಯುವ ಗಂಡನನ್ನು ಬಿಟ್ಟು ಬಂದು ಜಿಗಣಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಸೇರಿದ್ದಳು. ಅವನಿಗೆ ವಿಳಾಸ ಸಿಗಬಾರದೆಂದು ತವರಿಗೂ ತಿಳಿಸಿರಲಿಲ್ಲ. ಗಂಡನನ್ನು ಬಿಟ್ಟವಳೆಂದರೆ ರೂಮು ಸಿಗದೆಂದು, ಮನೆ ಬಾಡಿಗೆಗೆ ಕೊಟ್ಟವರಿಗೆ ಅವಳಿಗೆ ಮದುವೆಯೇ ಆಗಿಲ್ಲವೆಂದು ಹೇಳಿದ್ದೆವು. ನಾನು ಮದುವೆಯಾಗಿ ಹೋದ ಮೇಲೆ ಆ ರೂಮು ಅವಳೊಬ್ಬಳದೇ ಆಗುವುದಿತ್ತು. "ನನ್ನ ಬಾಗಲಕ್ಕ ನಾನ ಚಿಲಕಾ ಹಾಕ್ಕೊಂಡು ಮಲಗೂದು, ಇದಕ್ಕಿಂತ ಏನ್ ಬೇಕ್ ಹೇಳವಾ" ಎನ್ನುತ್ತಿದ್ದಳು.

ಮನೆಯೊಡತಿ ಲಲಿತಮ್ಮ, ರಾಗಿ ಹೊಲವಿದ್ದ ಜಾಗದಲ್ಲಿ ಸಾಲು ರೂಮು ಕಟ್ಟಿಸಿದವರು. ಹಿಂದೆ ಬಾಡಿಗೆಗಿದ್ದ ಹುಡುಗಿಯೊಬ್ಬಳು ಖಾಲಿ ಮಾಡುವಾಗ ಒಂದು ಕಪಾಟು ಪುಸ್ತಕ, ಭವಿಷ್ಯ ನೋಡುವ ಒಂದು ಕಟ್ಟು ಟ್ಯಾರೋ ಕಾರ್ಡು ಬಿಟ್ಟುಹೋಗಿದ್ದಳು. ಕಾರ್ಡು ನೋಡುವುದನ್ನೂ ಕಲಿಸಿಹೋಗಿದ್ದಳಂತೆ. ಅಂದಿನಿಂದ ಲಲಿತಮ್ಮನದೊಂದು ಪದ್ಧತಿ. ಪುಸ್ತಕ ಬೇಕೆಂದರೆ ಮೊದಲು ಕಾರ್ಡು ತೆಗೆಯಬೇಕು. ಚಿತ್ರ ನೋಡಿ, ಯಾವುದನ್ನು ಓದಬೇಕೆಂದು ಅವರೇ ಹೇಳುತ್ತಿದ್ದರು. ತಮಾಷೆಯೆಂದರೆ, ಆಯಮ್ಮ ಅದರಲ್ಲಿ ಒಂದನ್ನೂ ಓದಿದವರಲ್ಲ. ತೆಂಗಿನಕಾಯಿ ಆರಿಸುವ ಹಾಗೆ ಕೈಯಲ್ಲಿ ತೂಗಿ ನೋಡಿ ಕೊಡುತ್ತಿದ್ದರು.

ಆ ಶನಿವಾರ ಸಂಜೆ ಕರೆಂಟ್ ಹೋಗಿತ್ತು. ಬೇಜಾರಿಗೆ ಇಬ್ಬರೂ ಅವರ ಜಗಲಿಗೆ ಹೋದೆವು. ದಪ್ಪ ಕಾದಂಬರಿಯ ಹುಚ್ಚಿದ್ದ ಸುವರ್ಣಾ ಕಪಾಟಿನಿಂದ ತಾನೇ ಒಂದನ್ನು ಎತ್ತಿಕೊಂಡು ಕೂತಳು. ಅವಳು ತೆಗೆದ ಕಾರ್ಡಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು, ಸುತ್ತ ನೆಟ್ಟ ಕತ್ತಿಗಳು. ಲಲಿತಮ್ಮ ಕಾದಂಬರಿಯನ್ನು ಕಿತ್ತುಕೊಂಡು ತೆಳ್ಳನೆಯ ಕಥೆ ಪುಸ್ತಕವೊಂದನ್ನು ಅವಳ ಕೈಗಿಟ್ಟರು.

"ನಿಂಗೆ ಇಷ್ಟು ಸಾಕು ಕಣಮ್ಮ. ನಾಳೆ ಮದ್ಯಾನಕ್ಕೆ ಮುಗ್ದೋಯ್ತದೆ."

"ನನಗ ದಪ್ಪಂದ ಬೇಕ್ರೀ ಅಕ್ಕಾರ."

"ಬ್ಯಾಡ. ಅರ್ದಕ್ಕೇ ನಿಂತೋಯ್ತದೆ."

ನನ್ನ ಕಾರ್ಡಿನಲ್ಲಿ ಕಂದೀಲು ಹಿಡಿದು ಒಂಟಿಯಾಗಿ ನಿಂತ ಮುದುಕ. ಆ ದಪ್ಪ ಕಾದಂಬರಿ ನನ್ನ ಮಡಿಲಿಗೆ ಬಿತ್ತು. "ಮದುವೆ ಓಡಾಟದಲ್ಲಿ ಇದನ್ನ ಯಾವಾಗ ಓದ್ಲಿ ಆಂಟಿ?" ಎಂದೆ. ಅವರು ಸುಮ್ಮನೆ ನಕ್ಕರು. "ನಿನ್ನ ಪುಣ್ಯ ಬಿಡವಾ, ದೊಡ್ಡದು ಸಿಕ್ತು" ಎಂದು ಸುವರ್ಣಾ ರೂಮು ಸೇರುವ ತನಕ ರೇಗಿಸಿದಳು.

ಮರುದಿನ ಭಾನುವಾರ. ಊಟ ಮುಗಿಸಿ ಅವಳು ಕೊನೆಯ ಕಥೆ ಓದುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಅವಳ ಗಂಡ! ಒಬ್ಬನೇ ಬಂದಿದ್ದ. ಕೂಗಲಿಲ್ಲ, ಕೈ ಎತ್ತಲಿಲ್ಲ. "ನಡಿ" ಎಂದ, ಅಷ್ಟೇ. ನಾನು ಅಡ್ಡ ನಿಂತು ಪೊಲೀಸರನ್ನು ಕರೆಯುತ್ತೇನೆಂದು ಅರಚಿದೆ. ಅವನ ಹೆಸರೆತ್ತಿದರೆ ಉಗಿಯುತ್ತಿದ್ದ ಸುವರ್ಣಾ ಎದ್ದು ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡಳು. ಬೇಡ ಕಣೇ ಎಂದು ಕೈ ಹಿಡಿದೆ. ಒಮ್ಮೆಯೂ ನನ್ನ ಮುಖ ನೋಡಲಿಲ್ಲ. "ಮುಗೀತವಾ, ಕೊಟ್ಟಬಿಡು" ಎಂದು ಪುಸ್ತಕವನ್ನು ನನ್ನ ಕೈಗಿಟ್ಟು ಹೊರಟೇ ಹೋದಳು. ಆಮೇಲೆ ಅವಳು ಫೋನಿಗೂ ಸಿಗಲಿಲ್ಲ.

ಸಿಟ್ಟು ನೆತ್ತಿಗೇರಿ, ಎರಡೂ ಪುಸ್ತಕ ಹಿಡಿದು ಲಲಿತಮ್ಮನ ಮನೆಗೆ ನುಗ್ಗಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಅವಳ ಗಂಡನಿಗೆ ಫೋನ್ ಮಾಡಿದ್ದು ನೀವೇ ತಾನೇ?"

"ಅಯ್ಯೋ, ಆ ಮಗೀಗೆ ಮದ್ವೆ ಆಗಿತ್ತಾ?"

ನಾವು ಹೇಳಿದ ಸುಳ್ಳನ್ನು ಆಯಮ್ಮ ನಂಬಿದ್ದರು. ಮತ್ತೆ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದದ್ದು ಹೇಗೆ ಎಂದು ಕೇಳಿದರೆ, "ಕಾರ್ಡ್ನಾಗೆ ಅಂಗಿತ್ತು" ಎಂದರು. ನಿಮ್ಮ ಪುಸ್ತಕವೂ ಬೇಡ, ನಿಮ್ಮ ಕಾರ್ಡೂ ಬೇಡ ಎಂದು ಎರಡೂ ಪುಸ್ತಕಗಳನ್ನು ಅವರ ಮುಂದೆ ಎಸೆದೆ. ತೆಳ್ಳನೆಯದನ್ನು ಎತ್ತಿಟ್ಟರು. ದಪ್ಪನೆಯದರ ಧೂಳನ್ನು ಸೆರಗಿನಿಂದ ಒರೆಸಿ ನನಗೇ ವಾಪಸ್ಸು ಕೊಟ್ಟರು.

"ಇದು ನೀನೇ ಇಟ್ಕೊಳಮ್ಮ. ನಿಂಗೆ ಪುರುಸೊತ್ತು ಬೇಜಾನ್ ಇರ್ತದೆ."

ಪ್ರೀತಿಯಿಂದಲೇ ಹೇಳಿದರು. ಅದನ್ನೇ ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ತಿಂಗಳೇ ಹುಡುಗನ ಕಡೆಯವರು ಕಾರಣ ಹೇಳದೆ ಸಂಬಂಧ ಬಿಟ್ಟರು. ಆಮೇಲೆ ನೋಡಲು ಬಂದವರೂ ಯಾರೂ ಒಪ್ಪಲಿಲ್ಲ. ಕಾಕತಾಳೀಯ ಎನ್ನುತ್ತೀರಿ, ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಸುವರ್ಣಾಳ ಗಂಡನಿಗೆ ವಿಳಾಸ ಸಿಕ್ಕಿದ್ದು ಹೇಗೆ, ಅವಳು ಎದ್ದು ಹೋದದ್ದು ಏಕೆ, ತೂಕ ನೋಡಿ ಪುಸ್ತಕ ಕೊಡುವ ಹೆಂಗಸಿಗೆ ನಮ್ಮಿಬ್ಬರ ಬಾಳು ಹೇಗೆ ಕಂಡಿತು, ನನಗೆ ಗೊತ್ತಿಲ್ಲ. ಸುವರ್ಣಾ ಆಸೆಪಟ್ಟಿದ್ದ ಹಾಗೆ, ಅದೇ ರೂಮಿನಲ್ಲಿ, ನನ್ನ ಬಾಗಿಲಿಗೆ ನಾನೇ ಚಿಲಕ ಹಾಕಿಕೊಂಡು ಮಲಗುತ್ತೇನೆ. ಆ ದಪ್ಪ ಕಾದಂಬರಿಯನ್ನು ಈಗ ಮೂರನೆಯ ಸಲ ಓದುತ್ತಿದ್ದೇನೆ.