ಖಮೀಸಾಳ ಬಾಗಿಲು

ಧೈರ್ಯದ ವಿಷಯದಲ್ಲಿ ಮಸ್ತೂರಾಳನ್ನು ಹೊಗಳುವ ಹಾಗಿಲ್ಲ. ಕತ್ತೆ ಅರಚಿದರೂ ಬೆಚ್ಚಿಬೀಳುವವಳು. ಡಾರ್ಫರಿನಲ್ಲಿ ಮಳೆ ಎರಡನೆಯ ವರ್ಷವೂ ಕೈಕೊಟ್ಟಾಗ ಅವಳ ಗಂಡ ಕೂಲಿ ಹುಡುಕುತ್ತ ನೈಲ್ ನದಿಯ ಕಡೆ ಹೋದ. ಮನೆಯಲ್ಲಿ ಉಳಿದದ್ದು ಅವಳು, ಅತ್ತೆ ಕುಬ್ರಾ, ಜ್ವರ ಬಿಟ್ಟರೂ ಎದ್ದು ನಿಲ್ಲಲಾರದ ಮಗಳು ಹನಾನ್, ಮಂಚದ ಕೆಳಗೆ ಹೂತಿಟ್ಟ ಒಂದು ಮಡಕೆ. ಮಡಕೆಯಲ್ಲಿ ಬಿತ್ತನೆಯ ಸಜ್ಜೆ. ಹೊಟ್ಟೆ ಚುರುಗುಟ್ಟಿದಾಗ ಕೈ ಅತ್ತ ಹೋಗದಿರಲೆಂದು ಅಲ್ಲಿನ ಹೆಂಗಸರು ಬೀಜಕ್ಕೆ ಮರಳು ಬೆರೆಸಿಡುತ್ತಾರೆ.

ತಿನ್ನಲಿಕ್ಕಿದ್ದದ್ದು ಕಾಡಿನ ಮುಖೈತ್ ಕಾಯಿ. ದಿನಗಟ್ಟಲೆ ನೆನೆಹಾಕಿ, ನೀರು ಬಸಿದು ಬಸಿದು ವಿಷ ತೆಗೆದರೂ ಕಹಿ ಹೋಗದು. ಆ ಗಂಜಿಯನ್ನೇ ನೆರೆಯ ಹೆಂಗಸರು ಬೋಗುಣಿಯಲ್ಲಿ ತಂದು ಕುಬ್ರಾಳ ಚಪ್ಪರದಡಿ ಒಟ್ಟಿಗೆ ಕೂತು ಉಣ್ಣುವರು. ಎಲ್ಲರ ಬೋಗುಣಿಗೂ ಎಲ್ಲರ ಕೈ.

"ತುಪ್ಪ ಜಾಸ್ತಿ ಆಯ್ತಲ್ಲೇ ನಿನ್ನ ಗಂಜೀಲಿ" ಎಂದು ಒಬ್ಬಳು ಛೇಡಿಸಿದರೆ, "ಏನ್ ಮಾಡ್ಲಿ, ಹಸುಗಳು ಮಾತೇ ಕೇಳಲ್ಲ" ಎಂದು ಇನ್ನೊಬ್ಬಳು. ಹಸುಗಳೆಲ್ಲ ಸತ್ತು ತಿಂಗಳುಗಳಾಗಿದ್ದವು.

ಒಂದು ದಿನ ಪಕ್ಕದ ಮನೆಯ ಖಮೀಸಾ ಬರಲಿಲ್ಲ. ಅವಳ ಮನೆಗೆ ಬಾಗಿಲಾಗಿದ್ದ ಚಾಪೆ ಇಳಿಬಿದ್ದಿತ್ತು. ಒಳಗಿನಿಂದ ಬಿಗಿದು ಕಟ್ಟಿತ್ತು.

ಕುಬ್ರಾಳ ಕೈ ಬೋಗುಣಿಯಲ್ಲೇ ನಿಂತಿತು. "ಹೊಟ್ಟೆ ಉರಿದ್ರೆ ಅದು ಬರೀ ಹಸಿವು, ಕ್ಷಾಮ ಅಲ್ಲ. ನಾನು ಹುಡುಗಿಯಾಗಿದ್ದಾಗ ಕ್ಷಾಮ ಹೀಗೇ ಶುರುವಾಗಿದ್ದು ಕಣ್ರೇ. ಒಬ್ಳು ಬಾಗ್ಲು ಹಾಕ್ಕೊಂಡ್ಳು, ಅವಳನ್ನ ನೋಡಿ ಇನ್ನೊಬ್ಳು. ಆಮೇಲೆ ಮಳೆ ಬಂತು. ಬಿತ್ತೋಕೆ ಯಾರ ಮನೇಲೂ ಒಂದು ಕಾಳಿರ್ಲಿಲ್ಲ."

ಊಟ ಮುಗಿಸಿ ಹಿತ್ತಲಿಗೆ ಹೋದ ಮಸ್ತೂರಾಳಿಗೆ ಖಮೀಸಾಳ ಗುಡಿಸಲಿನಿಂದ ಸದ್ದು ಕೇಳಿಸಿತು. ಸರ್, ಸರ್. ಜರಡಿಯ ಸದ್ದು. ಈ ಕಾಲದಲ್ಲಿ ಜರಡಿ ಹಿಡಿಯುವುದು ಇನ್ನೇತಕ್ಕೆ, ಬೀಜದಿಂದ ಮರಳು ಬೇರೆ ಮಾಡುವುದಕ್ಕಲ್ಲದೆ? ಖಮೀಸಾ ತನ್ನದು ತಿಂದು ಮುಗಿಸಿ ನಾಳೆ ನಮ್ಮ ಮಡಕೆಗೂ ಬರುತ್ತಾಳೆ. ಇನ್ನೂ ಎಷ್ಟು ಮನೆಗಳಲ್ಲಿ ತಿನ್ನುತ್ತಿದ್ದಾರೋ? ನನ್ನ ಮಗಳೊಬ್ಬಳೇ ಕಹಿ ಕುಡಿದು ಸಾಯಬೇಕೇ?

ಹೆದರಿಕೆಗೆ ಬುದ್ಧಿ ಎಲ್ಲಿಂದ ಬರಬೇಕು! ಒಳಗೆ ಹೋದವಳೇ ಚಾಪೆ ಇಳಿಸಿ ಕಟ್ಟಿದಳು. ನೆಲ ಬಗೆದು, ಮಡಕೆ ತೆರೆದು, ಒಂದು ಹಿಡಿ ಸಜ್ಜೆಯನ್ನು ಮರಳಿನಿಂದ ಬೇರ್ಪಡಿಸಿ ಒರಳಿಗೆ ಸುರಿದು ಕುಟ್ಟತೊಡಗಿದಳು.

"ಅಮ್ಮಾ, ಬಾಗ್ಲು ಯಾಕೆ ಕಟ್ಟಿದ್ದೀಯ? ಅಜ್ಜಿ ಹೊರಗಿದಾಳೆ" ಎಂದಳು ಮಲಗಿದ್ದ ಹನಾನ್.

ಒನಕೆ ನಿಂತಿತು. ಆದರೆ ಒರಳಲ್ಲಿದ್ದ ಕಾಳು ಹಿಟ್ಟಾಗಿತ್ತು. ಮಸ್ತೂರಾಳಿಗೆ ತನ್ನ ಮೇಲೆ ಬಂದ ಸಿಟ್ಟೆಲ್ಲ ಖಮೀಸಾಳ ಮೇಲೆ ತಿರುಗಿತು. ನೇರ ಹೋಗಿ ಅವಳ ಚಾಪೆಯ ಕಟ್ಟು ಕಿತ್ತಳು.

ಒಳಗೆ ನೆಲದ ತುಂಬ ಕೆಂಪು ಮಣ್ಣಿನ ರಾಶಿ. ಖಮೀಸಾ ಅವಸರದಿಂದ ಜರಡಿಗೆ ಸೆರಗು ಮುಚ್ಚಿದಳು.

"ನೋಡ್ಬೇಡ್ವೇ! ಕಾಡಿಗೆ ಹೋಗೋಕೆ ಕಾಲಲ್ಲಿ ತ್ರಾಣ ಇಲ್ಲ. ಇರುವೆ ಗೂಡು ಅಗೆದು ತಂದೆ. ಇರುವೆ ಕೂಡಿಟ್ಟಿದ್ದ ಹುಲ್ಲಿನ ಕಾಳು ಒಂದಿಷ್ಟು ಸಿಕ್ತು. ಇದನ್ನ ನಿಮ್ಮೆಲ್ಲರ ಮುಂದೆ ಹೇಗೆ ತಂದಿಡ್ಲಿ?"

"ಮತ್ತೆ ಬೀಜ?"

"ಬೀಜಾನಾ? ಹೂತಲ್ಲೇ ಇದೆ. ತಲೆ ಕೆಟ್ಟಿದ್ಯಾ ನಿಂಗೆ, ಬೀಜ ಯಾರಾದ್ರೂ ತಿಂತಾರಾ?"

ಮಸ್ತೂರಾ ಬಾಗಿಲಲ್ಲೇ ಕೂತಳು. ಖಮೀಸಾಳ ಜರಡಿಗೂ ತನ್ನ ಒರಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಒನಕೆಯ ಸದ್ದು ಆಚೆ ಇನ್ನೆಷ್ಟು ಕಿವಿಗಳಿಗೆ ಬಿತ್ತೋ, ಇನ್ನೆಷ್ಟು ಚಾಪೆಗಳು ಇಳಿದವೋ ಎಂದು ಅವಳು ಕಿವಿಗೊಟ್ಟು ಕೇಳಿದಳು.

ಸಂಜೆ ಆ ಹಿಟ್ಟಿಗೆ ಇರುವೆಯ ಕಾಳನ್ನೂ ಸೇರಿಸಿ ಗಂಜಿ ಕಾಯಿಸಿ, ಖಮೀಸಾಳ ಕೈಹಿಡಿದು ಚಪ್ಪರದಡಿಗೆ ತಂದಳು. ಸಜ್ಜೆಯ ಗಂಜಿ ನೋಡಿದ್ದೇ ತಡ ಅದು ಬಿತ್ತನೆಯ ಕಾಳೆಂದು ಹೆಂಗಸರಿಗೆ ಗೊತ್ತಾಯಿತು. ಯಾರೂ ಕೈ ಹಾಕಲಿಲ್ಲ.

"ನಾನೇ ಕುಟ್ಟಿದ್ದು ಅತ್ತೆ" ಎಂದಳು ಮಸ್ತೂರಾ. "ಹೆದ್ರಿಬಿಟ್ಟೆ."

ಕುಬ್ರಾ ಸೊಸೆಯ ಮುಖವನ್ನೇ ನೋಡಿದಳು. "ಮಿಕ್ಕಿದ್ದು?"

"ಮರಳಲ್ಲೇ ಇದೆ."

ಮುದುಕಿ ಮೊದಲು ತನ್ನ ತೊಡೆಯ ಮೇಲೆ ಮಲಗಿದ್ದ ಹನಾನ್‌ಳ ಬಾಯಿಗೆ ಒಂದು ತುತ್ತು ಇಟ್ಟಳು, ಆಮೇಲೆ ಖಮೀಸಾಳಿಗೆ. "ಹಾಗಾದ್ರೆ ಇನ್ನೂ ಹಸಿವೇ, ಕ್ಷಾಮ ಅಲ್ಲ. ಕೂತ್ಕೊಳ್ಳಿ, ತಿನ್ನಿ" ಎಂದಳು. ಅವಳ ಕಣ್ಣು ಮಾತ್ರ ಊಟ ಮುಗಿಯುವವರೆಗೂ ಕೇರಿಯ ಬಾಗಿಲುಗಳ ಮೇಲೇ ಇತ್ತು.