ಅಕ್ಕನ ತುಟಿಗೆ ಅಕ್ಕನ ದನಿ

ಅಕ್ಕನ ಗಂಟಲಿನ ಗಡ್ಡೆಯ ಆಪರೇಷನ್‌ಗೆ ದಿನ ಗೊತ್ತಾದ ಮೇಲೆ ಭಾವ ಹೊನ್ನಾವರದಿಂದ ಕುಮಟೆಯ ನನ್ನ ಸ್ಟುಡಿಯೋಕ್ಕೆ ಬಂದರು. ಆಗ ನಾನು ಮದುವೆಗಳ ವಿಡಿಯೋ ತೆಗೆದು, ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ಸಿ.ಡಿ. ಮಾಡಿ ಕೊಡುತ್ತಿದ್ದೆ. ಭಾವ ಮೀನುಗಾರಿಕೆ ಬೋಟಿನಲ್ಲಿ ಡ್ರೈವರ್, ಮಾತು ಕಡಿಮೆ.

“ಧ್ವನಿಪೆಟ್ಟಿಗೆನೇ ತೆಗೀಬೇಕು ಅಂದ್ರು ಡಾಕ್ಟ್ರು. ಅದ್ಕಿಂತ ಮೊದ್ಲು ಅವ್ಳು ಹಾಡೂದನ್ನ ಒಂದ್ಸಲ ತೆಗ್ದಿಡು ಮಾರಾಯಾ” ಎಂದರು.

ಶನಿವಾರದ ಮನೆಭಜನೆಯಲ್ಲಿ ಅಕ್ಕ ಮೊದಲು ಹೇಳಿಕೊಡುವವಳು, ಉಳಿದವರು ಹಿಂದಿನಿಂದ ಹೇಳುವವರು. ನಾನು ಕ್ಯಾಮೆರಾ ಹಿಡಿದು ಅವರ ಮನೆಗೆ ಹೋದಾಗ ಅವಳ ದನಿ ಆಗಲೇ ಸ್ವಲ್ಪ ಒಡೆದಿತ್ತು. ಹಾರ್ಮೋನಿಯಂ ಮುಂದೆ ಕೂತು, ಶ್ರುತಿ ಇಳಿಸಿಕೊಂಡು ಹಾಡಿದಳು. ಕ್ಯಾಮೆರಾದ ಮೈಕು ದೂರದ್ದು, ಗೋಡೆಯ ಗುಂಯ್‌ಗುಡುವಿಕೆಯನ್ನೇ ಜಾಸ್ತಿ ಹಿಡಿಯುತ್ತಿತ್ತು. ಅದಕ್ಕಾಗಿ ಅವಳ ಬಾಯಿಯ ಹತ್ತಿರ ಬೇರೆ ಮೈಕು ಇಟ್ಟು, ಟೇಪ್‌ರೆಕಾರ್ಡರಿನಲ್ಲಿ ಹಾಡನ್ನು ಪ್ರತ್ಯೇಕವಾಗಿ ತುಂಬಿಕೊಂಡೆ. ಕರೆಂಟು ಇರಲಿಲ್ಲ, ಟೇಪು ಸೆಲ್ಲಿನ ಮೇಲೆ ಓಡಿತು.

ಅವಳು ಆಸ್ಪತ್ರೆಯಿಂದ ಬಂದು ಚೇತರಿಸಿಕೊಳ್ಳುವವರೆಗೆ ನಾನು ಆ ಕ್ಯಾಸೆಟ್ಟನ್ನು ಮುಟ್ಟಲಿಲ್ಲ. ಮುಟ್ಟಲು ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ ಅವಳೇ ಬಸ್ಸು ಹತ್ತಿ ಸ್ಟುಡಿಯೋಕ್ಕೆ ಬಂದಳು. ಉಸಿರಾಡಲು ಕತ್ತಿನಲ್ಲಿ ಮಾಡಿದ್ದ ತೂತು ಕಾಣದ ಹಾಗೆ ತೆಳು ಬಟ್ಟೆ ಸುತ್ತಿಕೊಂಡಿದ್ದಳು. ಕುರ್ಚಿ ಎಳೆದು ನನ್ನ ಪಕ್ಕ ಕೂತು, ಹಾಕು ಎಂದು ಕೈಸನ್ನೆ ಮಾಡಿದಳು.

ಹಾಡಿನ ಮೊದಲ ಅಕ್ಷರಕ್ಕೆ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಿದೆ. ಮೊದಲ ಸಾಲು ಸರಿಯಾಗಿ ಕೂತಿತು. ಎರಡನೇ ನುಡಿ ಬರುವಷ್ಟರಲ್ಲಿ ದನಿ ಮುಂದೆ ಓಡಿತ್ತು. ತೆರೆಯ ಮೇಲೆ ಅಕ್ಕ ಇನ್ನೂ ಬಾಯಿ ತೆರೆಯುತ್ತಿದ್ದಳು. ಪಕ್ಕದಲ್ಲಿದ್ದ ಅಕ್ಕ ಅಲ್ಲವೆಂದು ತಲೆಯಾಡಿಸಿ, ಕೈಯನ್ನು ನೆಲದಿಂದ ಸ್ವಲ್ಪ ಎತ್ತರಕ್ಕೆ ಹಿಡಿದು ತೋರಿಸಿದಳು. ಸಣ್ಣ ಹುಡುಗಿಯ ದನಿಯ ಹಾಗಿದೆ, ತನ್ನದಲ್ಲ ಎಂದು. ಆಗ ಅರ್ಥವಾಯಿತು. ಸೆಲ್ಲು ಇಳಿಯುತ್ತಾ ಬಂದ ಹಾಗೆ ಟೇಪು ನಿಧಾನವಾಗಿ ತಿರುಗಿ ತುಂಬಿಕೊಂಡಿದೆ, ಈಗ ಕರೆಂಟಿನಲ್ಲಿ ಹಾಕಿದರೆ ವೇಗವಾಗಿ ಓಡುತ್ತಿದೆ.

ಒಂದೊಂದೇ ಸಾಲನ್ನು ಕತ್ತರಿಸಿ, ಎಳೆದು, ಅವಳ ತುಟಿಗೆ ಕೂರಿಸುತ್ತಾ ಹೋದೆ. ‘ಮ’ ಬಂದಲ್ಲಿ ತುಟಿ ಮುಚ್ಚಬೇಕು. ಅದೇ ನನಗೆ ಗುರುತು. ಅಕ್ಕ ಪಕ್ಕದಲ್ಲಿ ಕೂತು ಹಾಡಿನ ಜೊತೆಗೇ ತುಟಿ ಆಡಿಸುತ್ತಿದ್ದಳು. ಬಾಯಿಯಿಂದ ಏನೂ ಬರುತ್ತಿರಲಿಲ್ಲ. ಕತ್ತಿನ ಬಟ್ಟೆ ಮಾತ್ರ ಉಸಿರಿಗೆ ಅಲುಗುತ್ತಿತ್ತು. ನಾನು ತೆರೆ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಗೊತ್ತಾಗಿ, ಕೆಲಸ ನೋಡು ಎಂಬಂತೆ ನನ್ನ ಗಲ್ಲ ಹಿಡಿದು ಕಂಪ್ಯೂಟರಿನ ಕಡೆ ತಿರುಗಿಸಿದಳು.

ಆ ಸಿ.ಡಿ. ಮನೆಗೆ ಹೋದ ಮೇಲೆ ಶನಿವಾರದ ಭಜನೆ ಮತ್ತೆ ಶುರುವಾಯಿತು. ಟಿ.ವಿ.ಯಲ್ಲಿ ಅಕ್ಕ ಹೇಳಿಕೊಟ್ಟಳು, ನೆರೆಮನೆಯವರು ಹಿಂದಿನಿಂದ ಹೇಳಿದರು, ಅಕ್ಕ ತಾಳ ಹಾಕುತ್ತಾ ಅವರ ನಡುವೆ ಕೂತಳು. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಗಡ್ಡೆ ಮತ್ತೆ ಬಂತು. ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಅವಳು ತೀರಿಕೊಂಡಳು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಭಾವ ಮತ್ತೆ ಸ್ಟುಡಿಯೋಕ್ಕೆ ಬಂದರು.

“ಅವ್ಳು ಹಾಡಿದ್ದು ಮನೇಲಿ ಅದೆ. ಮಾತಾಡಿದ್ದು ಎಲ್ಲಾದ್ರೂ ಅದೆಯನಾ?”

ಕ್ಯಾಮೆರಾದ ಟೇಪಿನಲ್ಲಿ ಇರಲಿಲ್ಲ. ಹಾಡು ಮುಗಿದ ಕೂಡಲೇ ಅದನ್ನು ನಿಲ್ಲಿಸಿದ್ದೆ. ಕ್ಯಾಸೆಟ್ಟು ಹಾಕಿ ಕೊನೆಯವರೆಗೂ ಬಿಟ್ಟೆ. ಹಾರ್ಮೋನಿಯಂ ಮುಚ್ಚಿದ ಸದ್ದು ಬಂತು. ಆಮೇಲೆ ಅಕ್ಕ, ಅದೇ ಸಣ್ಣ ಹುಡುಗಿಯ ದನಿಯಲ್ಲಿ, ಸ್ವಲ್ಪ ದಣಿದು:

“ಆತನಾ ತಮಾ? ಚಾ ಮಾಡ್ತೆ, ಕೂತ್ಕೊ. ಇವ್ರೆಲ್ ಹೋದ್ರು?”

ಅಷ್ಟೇ ಇತ್ತು, ಅದಕ್ಕೆ ಚಿತ್ರವಿರಲಿಲ್ಲ. ಭಾವ ಇನ್ನೊಂದು ಸಲ ಹಾಕಿಸಿದರು.

“ಇಲ್ಲೇ ಜಗಲಿ ಮೇಲೇ ಇದ್ದೆ ನಾನು” ಎಂದರು, ಟೇಪಿಗೆ ಉತ್ತರ ಕೊಡುವವರಂತೆ.

ಕ್ಯಾಸೆಟ್ಟು ತೆಗೆದು ಅವರ ಕೈಗಿಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾತು ಎಂದು ಹೊರಟರು.