ಹಬ್ಬ ಮುಗೀಲಿ
ಜೆರುಸಲೇಮಿನ ನಮ್ಮ ಗಲ್ಲಿಯಲ್ಲಿ ನಲ್ಲಿ ರಿಪೇರಿ ಮಾಡುವ ಶಬ್ತಾಯಿಗೆ ತಾರೀಖು ಗೊತ್ತಿಲ್ಲ, ಹಬ್ಬ ಮಾತ್ರ ಗೊತ್ತು. ನಲ್ಲಿ ಸೋರುತ್ತಿದೆ ಎಂದರೆ, "ಹಬ್ಬ ಮುಗೀಲಿ ಅಣ್ಣಾ, ಬರ್ತೀನಿ" ಎನ್ನುತ್ತಾನೆ. "ಯಾವ ಹಬ್ಬವೋ ಮಾರಾಯಾ?" ಎಂದು ಕೂಗಾಡಿದರೆ, "ಮುಂದಿಂದು" ಎಂದು ನಗುತ್ತಾನೆ. ವಸಂತದ ಪಸ್ಕ ಹಬ್ಬ ಮುಗಿಯುತ್ತಲೇ, ಆರು ತಿಂಗಳಾಚೆಯ ಗುಡಾರ ಹಬ್ಬಕ್ಕೆ ಗುಡಾರದ ಮೇಲೆ ಹೊದಿಸುವ ಗರಿ ಹುಡುಕಲು ಹೊರಡುತ್ತಾನೆ. ನಾನು ಅಡುಗೆಮನೆಯ ನೀರಿನಲ್ಲಿ ತೇಲುತ್ತಿರುತ್ತೇನೆ. ಈ ಸಲ ಗುಡಾರ ಹಬ್ಬದ ಮುನ್ನಾದಿನ ಅವನ ಹೆಂಡತಿ ಮಸೂದಾಳನ್ನು ಮಣ್ಣು ಮಾಡಿದೆವು. ಹಬ್ಬ ಬಂದರೆ ನಮ್ಮ ಯೆಹೂದಿಗಳಲ್ಲಿ ಸೂತಕ ಅಲ್ಲಿಗೇ ಮುಗಿಯುತ್ತದೆ. ಮರುದಿನ ಶಬ್ತಾಯಿ ಗುಡಾರದಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. "ಅಳು ಬರಲ್ವೇನೋ ನಿಂಗೆ?" ಎಂದು ಗದರಿದೆ. "ಈಗ ಸಂತೋಷವಾಗಿರು ಅಂತ ದೇವರ ಅಪ್ಪಣೆ. ಅಳೋದಕ್ಕೇನು, ಹಬ್ಬ ಮುಗೀಲಿ ಅಣ್ಣಾ." ಹಬ್ಬ ಮುಗಿದ ಮರುದಿನ ಸ್ಪಾನರ್ ಹಿಡಿದು ಬಂದ. ಜೀವಮಾನದಲ್ಲಿ ಮೊದಲ ಸಲ ಮಾತು ಉಳಿಸಿಕೊಂಡ: ನನ್ನ ನಲ್ಲಿಯ ಕೆಳಗೆ ಕೂತು ಮನಸಾರೆ ಅತ್ತ, ನಲ್ಲಿ ಸರಿ ಮಾಡಿ ಹೋದ.